ದನಿ ನುಂಗುವ ಡ್ರೈವರ್

ಕಂಪ್ಯೂಟರಿನಲ್ಲಿ ದನಿ ತುಂಡಾಗುತ್ತಿದೆಯೋ ಇಲ್ಲವೋ ನೋಡಬೇಕಾದರೆ ಭಾಷಣ ಹಾಕಬಾರದು. ಭಾಷಣಕಾರರು ತಾವೇ ನಡುನಡುವೆ ನಿಲ್ಲುತ್ತಾರೆ. ಅಲ್ಲೊಂದು ಇಲ್ಲೊಂದು ಚೂರು ಹಾರಿಹೋದರೂ ತಿಳಿಯುವುದಿಲ್ಲ. ಡೊಳ್ಳಿನ ಪದ ಹಾಕಬೇಕು. ತಿಕೋಟಾ, ಬಬಲೇಶ್ವರ, ಕಳ್ಳಕವಟಗಿ ಕಡೆಯ ಕಿವಿಗೆ ಡೊಳ್ಳಿನ ಪೆಟ್ಟು ಎಲ್ಲಿ ಬೀಳಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಒಂದು ಪೆಟ್ಟು ತಪ್ಪಿದರೆ ಮೂಲೆಯಲ್ಲಿ ಕುಂತವರೂ ‘ಸೌಂಡ್ ಕಟ್ ಆಗಾಕತ್ತೈತಿ ನೋಡ್ರೀ’ ಎನ್ನುತ್ತಾರೆ.

ಹುಡುಕಾಟ ಶುರುವಾಗುವುದೇ ಅಲ್ಲಿಂದ. ಇದರ ಹುಚ್ಚು ಹತ್ತಿದವರಿಗೆ ಪೂರ್ತಿ ಪದಕ್ಕಿಂತ ಅದು ತುಂಡಾದ ಜಾಗವೇ ಹೆಚ್ಚು ರುಚಿ. ಒಂದೇ ಸಮನೆ ಗುಂಯ್ ಎಂದರೆ ಅರ್ಥಿಂಗಿನ ಗೊಡವೆ. ವೈರು ಅಲ್ಲಾಡಿಸಿದಾಗ ಕರಕರ ಎಂದರೆ ಜ್ಯಾಕ್ ಸಡಿಲ. ಏನೂ ಮುಟ್ಟದೆ ಇದ್ದಕ್ಕಿದ್ದಂತೆ ‘ಟಪ್’ ಎಂದು ದನಿ ಜಿಗಿದರೆ ಅನುಮಾನ ಡ್ರೈವರಿನ ಮೇಲೆ, ಅಂದರೆ ಕಂಪ್ಯೂಟರಿನ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶದ ಮೇಲೆ.

ಲೆಕ್ಕ ಸಣ್ಣದು. ದನಿಯೆಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಎಂದಿಟ್ಟುಕೊಳ್ಳಿ. 256 ಸ್ಯಾಂಪಲ್ಲಿನ ಬಫರ್ ಇಟ್ಟರೆ ಪ್ರೊಸೆಸರ್ ಅದನ್ನು ಪ್ರತಿ 5.3 ಮಿಲಿಸೆಕೆಂಡಿಗೊಮ್ಮೆ ತುಂಬಲೇಬೇಕು. ಊಟದ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದವನನ್ನು ಯಾರೋ ಮಾತಿಗೆ ನಿಲ್ಲಿಸಿಕೊಂಡಂತೆ, ಬೇರೊಂದು ಡ್ರೈವರ್ ಪ್ರೊಸೆಸರನ್ನು ತಡೆದು ಕೂತರೆ ಬಫರ್ ಬರಿದು. ಡ್ರೈವರ್ ಹೀಗೆ ಪ್ರೊಸೆಸರನ್ನು ತಡೆದು ಮಾಡುವ ತುರ್ತು ಕೆಲಸ 100 ಮೈಕ್ರೋಸೆಕೆಂಡಿನೊಳಗೆ ಮುಗಿಯಲಿ ಎಂದು ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಹೇಳಿದೆ. ಮೀರುವ ಡ್ರೈವರುಗಳಿಗೇನೂ ಬರವಿಲ್ಲ.

ಮಜಾ ಇರುವುದು ಇಲ್ಲಿ: ದನಿ ಕೆಡಿಸುವುದು ಎಷ್ಟೋ ಸಲ ದನಿಯ ಡ್ರೈವರ್ ಅಲ್ಲವೇ ಅಲ್ಲ. ವಿಂಡೋಸಿನಲ್ಲಿ ‘ಲೇಟೆನ್ಸಿಮಾನ್’ ಎಂಬ ತಂತ್ರಾಂಶವನ್ನು ಓಡಲು ಬಿಟ್ಟರೆ ಹೊತ್ತು ತಿಂದ ಫೈಲಿನ ಹೆಸರು ಬರುತ್ತದೆ. ‘ಎಸಿಪಿಐ.ಸಿಸ್’ ಎಂದರೆ ಬ್ಯಾಟರಿ, ಪವರಿನ ವ್ಯವಹಾರ. ‘ಎನ್‌ಡಿಐಎಸ್.ಸಿಸ್’ ಎಂದರೆ ನೆಟ್‌ವರ್ಕ್. ಹೆಸರು ಕೆಡುವುದು ಇದರದು, ಕಿತಾಪತಿ ಮಾತ್ರ ಹೆಚ್ಚಾಗಿ ಇದರ ಬೆನ್ನೇರಿದ ವೈಫೈ ಡ್ರೈವರಿನದು. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ನಿಲ್ಲಿಸಿ ಕೇಳಬೇಕು. ಸರಿಹೋಗದಿದ್ದರೆ ಅದನ್ನು ಮರಳಿ ಚಾಲೂ ಮಾಡಿ ಬ್ಲೂಟೂತ್ ನಿಲ್ಲಿಸಬೇಕು. ಎರಡನ್ನೂ ಒಟ್ಟಿಗೆ ನಿಲ್ಲಿಸುವವರು ಅವಸರದವರು. ದನಿ ಸರಿಹೋದರೂ ಕಳ್ಳ ಯಾರೆಂದು ಅವರಿಗೆ ತಿಳಿಯುವುದಿಲ್ಲ.

ಕರೆಂಟು ಹೋಗಿಬರುವ ಊರುಗಳಲ್ಲಿ ಇನ್ನೊಂದು ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಚಾರ್ಜರ್ ಸತ್ತೊಡನೆ ಎಷ್ಟೋ ಲ್ಯಾಪ್‌ಟಾಪುಗಳು ಶಕ್ತಿ ಉಳಿಸಲು ಪ್ರೊಸೆಸರಿನ ವೇಗ ತಗ್ಗಿಸುತ್ತವೆ. ಅಲ್ಲಿಯತನಕ ನೆಟ್ಟಗಿದ್ದ ದನಿ ಆಗ ತುಂಡಾಗತೊಡಗಿದರೆ ಪವರ್ ಸೆಟ್ಟಿಂಗ್ ನೋಡಬೇಕು.

ಬಫರನ್ನು 1024ಕ್ಕೆ ಏರಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಹಾಡು ಕೇಳುವುದಕ್ಕೆ ಅದು ನಡೆದೀತು. ರೆಕಾರ್ಡಿಂಗಿಗೆ ಕೂತ ಹಾಡುಗಾರನಿಗೆ ಹೆಡ್‌ಫೋನಿನಲ್ಲಿ ತನ್ನ ದನಿಯೇ 21 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿ ಕೇಳಿದರೆ ಲಯ ನಿಲ್ಲುವುದಿಲ್ಲ.

ಹೊಸ ಡ್ರೈವರ್ ಬಂದ ಮೇಲೆ ಈ ಕಾಟ ಶುರುವಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿ ಇದೆ. ಹಳೆಯದು ಕಂಪ್ಯೂಟರಿನಲ್ಲಿ ಉಳಿದಿರದಿದ್ದರೆ ಆ ಗುಂಡಿ ಮಸುಕಾಗಿರುತ್ತದೆ, ಒತ್ತಿದರೂ ಏನೂ ಆಗದು. ಆದ್ದರಿಂದ ಸರಿಯಾಗಿ ನಡೆಯುತ್ತಿರುವ ಡ್ರೈವರಿನ ಫೈಲನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ವರ್ಷನ್ ನಂಬರು ಬರೆದಿಟ್ಟುಕೊಳ್ಳಿರಿ.