ಮಾವ ಬರೆದಿಟ್ಟ ವಸಿಯ್ಯತ್



ಅತ್ತೆ-ಸೊಸೆಯ ಬಗ್ಗೆ ನಾವು ಬಹಳಷ್ಟು ಮಾತನಾಡುತ್ತೇವೆ. ಮಾವನ ಬಗ್ಗೆ ಮಾತ್ರ ಅಷ್ಟಾಗಿ ಮಾತಿಲ್ಲ. ಜಗಲಿಯಲ್ಲಿ ಕುಳಿತು ಪತ್ರಿಕೆ ಓದುವ, ಒಳಗೆ ಬರುವ ಮೊದಲು ಕೆಮ್ಮಿ ಸುಳಿವು ಕೊಡುವ ಹಿರಿಯರು ಅವರು. ನನ್ನ ಮಾವನೂ ಅಂಥವರೇ ಆಗಿದ್ದರು. 2019ರಲ್ಲಿ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಅವರನ್ನು ನೆನೆಯಲು ಮಾತ್ರ ನಾನು ಇದನ್ನು ಬರೆಯುತ್ತಿಲ್ಲ. ಅವರು ಮಾಡಿಹೋದ ಒಂದು ಕೆಲಸ ನಿಮ್ಮ ಮನೆಯಲ್ಲೂ ನಡೆಯಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನೇತ್ರಾವತಿ ಮತ್ತು ಕುಮಾರಧಾರಾ ಸೇರುವ ಉಪ್ಪಿನಂಗಡಿಯ ಸಮೀಪ ಅವರ ಮನೆ. ಎರಡು ಎಕರೆಗೂ ಕಡಿಮೆ ಅಡಿಕೆ ತೋಟ, ಪೇಟೆಯಲ್ಲೊಂದು ಸಣ್ಣ ಜೀನಸಿನ ಅಂಗಡಿ. ಓದಿದ್ದು ಐದನೇ ತರಗತಿ. ಆದರೆ ಸಾಲದ ಪುಸ್ತಕದಲ್ಲಿ ಒಂದು ರೂಪಾಯಿಯ ತಪ್ಪೂ ಇರುತ್ತಿರಲಿಲ್ಲ. ಅರಬಿಕ್ ಕಾಲೇಜಿನ ಓದು ಮುಗಿಸಿ ನಾನು ಆ ಮನೆಗೆ ಸೊಸೆಯಾಗಿ ಹೋದೆ. ಅವರನ್ನು 'ಉಪ್ಪ' ಎಂದೇ ಕರೆಯುತ್ತಿದ್ದೆ. ಅವರಿಗೆ ನಾನು 'ಮೋಳು'.

2011ರಲ್ಲಿ ಗಲ್ಫ್‌ನಲ್ಲಿ ದುಡಿಯುತ್ತಿದ್ದ ನನ್ನ ಪತಿ ಹೃದಯಾಘಾತದಿಂದ ತೀರಿಕೊಂಡರು. ಆಗ ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಆರು. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿಯುವ ಮೊದಲೇ, "ಇನ್ನು ತವರಿಗೆ ಹೋಗುವುದು ಯಾವಾಗ?" ಎಂದು ಬಂದವರು ಕೇಳತೊಡಗಿದ್ದರು. ಉಪ್ಪ ಅವರಿಗೆ ಹೇಳಿದ್ದು ಇಷ್ಟೇ: "ಮಗ ಹೋದನೆಂದು ಸೊಸೆ ಪರಕೀಯಳಾಗುತ್ತಾಳಾ?" ಅವರು ಕಿತಾಬ್ ಓದಿದವರಲ್ಲ. ಆದರೆ ಅವರ ಮಾತು ಶರೀಅತ್‌ಗೆ ಸರಿಯಾಗಿತ್ತು. ಸೂರಃ ಅನ್ನಿಸಾದ 23ನೇ ಸೂಕ್ತದಂತೆ ಮಗನ ಪತ್ನಿ ಮಾವನಿಗೆ ಶಾಶ್ವತವಾಗಿ ಮಹ್ರಮ್. ಮಗ ತೀರಿಕೊಂಡರೂ ಆ ಸಂಬಂಧ ಕಡಿಯುವುದಿಲ್ಲ.

ಮಕ್ಕಳಿರುವ ಮಗ ತೀರಿಕೊಂಡರೆ ಅವನ ಆಸ್ತಿಯಲ್ಲಿ ತಂದೆಗೆ ಆರನೇ ಒಂದು, ತಾಯಿಗೆ ಆರನೇ ಒಂದು, ಪತ್ನಿಗೆ ಎಂಟನೇ ಒಂದು ಪಾಲು. ಉಳಿದದ್ದು ಮಕ್ಕಳಿಗೆ. ಉಪ್ಪ ತಮ್ಮ ಪಾಲನ್ನು ಪಡೆದು ಮೊಮ್ಮಕ್ಕಳ ಹೆಸರಿಗೇ ಕೊಟ್ಟುಬಿಟ್ಟರು. ಆ ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ, ದೂರಶಿಕ್ಷಣದಲ್ಲಿ ಬಿ.ಎ. ಮಾಡಲು ನನ್ನ ಶುಲ್ಕ ಕಟ್ಟಿದರು. ನಾನು ಪರೀಕ್ಷೆ ಬರೆಯುವಾಗ ಮಗಳನ್ನು ಕೂರಿಸಿಕೊಂಡು ಹೊರಗೆ ಮರದ ನೆರಳಲ್ಲಿ ಕಾಯುತ್ತಿದ್ದರು. ಇಂದು ನಾನು ಶಿಕ್ಷಕಿಯಾಗಿದ್ದರೆ, ಅಲ್ಲಾಹನ ಅನುಗ್ರಹದ ನಂತರ ಅದಕ್ಕೆ ಕಾರಣ ಅವರೇ.

ಒಂದು ದಿನ ಅಂಗಳದಲ್ಲಿ ಒಣಗಿದ ಅಡಿಕೆ ಸುಲಿಯುತ್ತಾ ಕೇಳಿದರು: "ಮೋಳೇ, ನೀನು ಓದಿದವಳು. ನಾನು ಕಣ್ಣು ಮುಚ್ಚಿದರೆ ಈ ಎರಡು ಮಕ್ಕಳಿಗೆ ತೋಟದಲ್ಲಿ ಎಷ್ಟು ಬರುತ್ತದೆ?"

ಕಾಲೇಜಿನಲ್ಲಿ ಕಲಿತ ವಾರೀಸು ನಿಯಮ ನನಗೆ ಗೊತ್ತಿತ್ತು. ತಂದೆ ಜೀವಂತವಿರುವಾಗಲೇ ಮಗ ತೀರಿಕೊಂಡು, ಆ ಮಗನ ಸಹೋದರರು ಬದುಕಿದ್ದರೆ, ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರೀಸು ಪಾಲು ಬರುವುದಿಲ್ಲ. ಹತ್ತಿರದ ವಾರೀಸುದಾರ ದೂರದವನನ್ನು ತಡೆಯುತ್ತಾನೆ. "ಏನೂ ಬರುವುದಿಲ್ಲ ಉಪ್ಪ" ಎಂದೆ. ಅವರ ಕೈಯಲ್ಲಿದ್ದ ಅಡಿಕೆ ಹಾಗೆಯೇ ಉಳಿಯಿತು. ಸ್ವಲ್ಪ ಹೊತ್ತಿನ ನಂತರ, "ಕಿತಾಬ್‌ನಲ್ಲಿ ಬೇರೆ ದಾರಿ ಇಲ್ಲವಾ?" ಎಂದರು. "ಇದೆ. ಆದರೆ ಇದು ನನ್ನ ಮಕ್ಕಳ ವಿಷಯ. ನನ್ನ ಬಾಯಿಂದ ಬೇಡ, ಖತೀಬರನ್ನು ಕೇಳಿ" ಎಂದೆ.

ಅವರು ಕೇಳಿದರು. ಆ ದಾರಿ ವಸಿಯ್ಯತ್. ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ತೀರಿದ ಬಳಿಕ ಉಳಿಯುವ ಆಸ್ತಿಯ ಮೂರನೇ ಒಂದು ಭಾಗದವರೆಗೆ, ವಾರೀಸುದಾರರಲ್ಲದವರಿಗೆ ಬರೆದಿಡುವ ಹಕ್ಕು ಪ್ರತಿಯೊಬ್ಬ ಮುಸ್ಲಿಮನಿಗಿದೆ. ಕಾಯಿಲೆಯಲ್ಲಿದ್ದ ಸಅದ್ ಬಿನ್ ಅಬೀ ವಕ್ಕಾಸ್(ರ) ತಮ್ಮ ಸಂಪತ್ತಿನ ಹೆಚ್ಚಿನ ಪಾಲನ್ನು ದಾನಕ್ಕೆ ಬರೆಯಲು ಬಯಸಿದಾಗ ಪ್ರವಾದಿ(ಸ) ಮೂರನೇ ಒಂದಕ್ಕೆ ಒಪ್ಪಿ, ಅದೂ ಹೆಚ್ಚೇ ಎಂದಿದ್ದರು.

ಉಪ್ಪ ತೀರಿಕೊಂಡ ಕೆಲವು ದಿನಗಳ ಬಳಿಕ ಮನೆಯಲ್ಲಿ ಎಲ್ಲರೂ ಸೇರಿದರು. "ಸತ್ತ ಮಗನ ಮಕ್ಕಳಿಗೆ ಪಾಲಿಲ್ಲವಲ್ಲ" ಎಂದು ಸಂಬಂಧಿಕರೊಬ್ಬರು ಮಾತು ತೆಗೆದರು. ನಾನು ಒಳಗೆ ಬಾಗಿಲ ಮರೆಯಲ್ಲಿದ್ದೆ. ಮಗಳು ನನ್ನ ಸೆರಗು ಹಿಡಿದಿದ್ದಳು. ಆಗ ದೊಡ್ಡ ಭಾವ ಅಂಗಡಿಯ ಲೆಕ್ಕದ ಪುಸ್ತಕ ತಂದು ಅದರೊಳಗಿದ್ದ ಹಾಳೆಯನ್ನು ಓದಿದರು. ಮೊದಲು ಉಪ್ಪ ಕೊಡಬೇಕಿದ್ದ ಸಾಲಗಳ ಪಟ್ಟಿ. ಬಳಿಕ ರಸ್ತೆ ಬದಿಯ ನಲವತ್ತು ಸೆಂಟ್ಸ್ ಜಾಗ ಇಬ್ಬರು ಮೊಮ್ಮಕ್ಕಳಿಗೆ. ಅದು ಮೂರನೇ ಒಂದಕ್ಕಿಂತ ಕಡಿಮೆಯೇ. ಕೊನೆಗೆ ಇನ್ನೊಂದು ಸಾಲು: ಮದುವೆಗೆ ಖರ್ಚಾಗಿದೆ ಎಂದು ಹೆಣ್ಣುಮಕ್ಕಳ ಪಾಲನ್ನು ಯಾರೂ ತಪ್ಪಿಸಬಾರದು. ಕೆಳಗೆ ಖತೀಬರ ಮತ್ತು ಪಕ್ಕದ ಅಂಗಡಿಯವರ ಸಹಿ. ಮಾತು ತೆಗೆದವರು ಸುಮ್ಮನಾದರು. ನನ್ನ ಮಕ್ಕಳು ಯಾರ ಮುಂದೆಯೂ ಕೈಚಾಚಬೇಕಾಗಿ ಬರಲಿಲ್ಲ.

ಸಹೋದರಿಯರೇ, ಇಂತಹ ಮೊಮ್ಮಕ್ಕಳಿಗಾಗಿ ಈಜಿಪ್ಟ್ 1946ರಲ್ಲಿ ಕಡ್ಡಾಯ ವಸಿಯ್ಯತ್‌ನ ಕಾನೂನು ತಂದಿತು. ಪಾಕಿಸ್ತಾನ 1961ರಲ್ಲಿ ಅವರಿಗೆ ಪಾಲು ನಿಗದಿಪಡಿಸಿತು. ಕರ್ನಾಟಕದ ನಮಗೆ ಅಂತಹ ಕಾನೂನಿಲ್ಲ. ನಮ್ಮಲ್ಲಿ ಎಲ್ಲವೂ ಹಿರಿಯರ ದೇವಭಯ ಮತ್ತು ಮುಂದಾಲೋಚನೆಯ ಮೇಲೆ ನಿಂತಿದೆ. ಬರೆದಿಡುವಂಥದ್ದೇನಾದರೂ ಇರುವವನು ವಸಿಯ್ಯತ್ ಬರೆಯದೆ ಎರಡು ರಾತ್ರಿಯನ್ನೂ ಕಳೆಯಬಾರದೆಂಬುದು ಪ್ರವಾದಿ(ಸ)ರ ಉಪದೇಶ. ಆದರೆ ನಮ್ಮ ಮನೆಗಳಲ್ಲಿ ವಸಿಯ್ಯತ್ ಎಂದರೆ ಅಪಶಕುನ, ಬೇಗ ಸಾಯುವ ಮಾತು!

ಬಾಯಿಮಾತಿನ ವಸಿಯ್ಯತ್ ಕೂಡ ನಮ್ಮಲ್ಲಿ ಸಿಂಧು. ಆದರೆ ಬರವಣಿಗೆ ಮತ್ತು ಇಬ್ಬರು ನಂಬಿಗಸ್ತ ಸಾಕ್ಷಿಗಳಿದ್ದರೆ ಜಗಳಕ್ಕೆ ಅವಕಾಶ ಕಡಿಮೆ. ನೋಂದಣಿ ಕಡ್ಡಾಯವಲ್ಲ. ಬೇಕಿದ್ದವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಬಹುದು. ವಾರೀಸುದಾರರಿಗೇ ವಸಿಯ್ಯತ್ ಬರೆದರೆ ಅದಕ್ಕೆ ಉಳಿದ ವಾರೀಸುದಾರರ ಒಪ್ಪಿಗೆ ಬೇಕು ಎಂಬುದು ನೆನಪಿರಲಿ. ನಿಮ್ಮ ಕುಟುಂಬದಲ್ಲಿ ತಂದೆಯಿಲ್ಲದ ಮಕ್ಕಳಿದ್ದರೆ, ಅವರ ಅಜ್ಜನೊಂದಿಗೆ ಈ ಮಾತನ್ನು ಪ್ರೀತಿಯಿಂದ ತೆಗೆಯಿರಿ. ವಿಧವೆಯಾದ ತಾಯಿಗೆ ತಾನೇ ಅದನ್ನು ಕೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅವಳ ಪರವಾಗಿ ನೀವು ಕೇಳಿ.

ನನ್ನ ಮಾವನ ಸಾಲಗಳೆಲ್ಲ ತೀರಿವೆ. ಅವರ ಹೆಣ್ಣುಮಕ್ಕಳಿಗೆ ಪಾಲು ಸಂದಿದೆ. ನಾನು ತೀರಿಸಬೇಕಾದ ಋಣ ಮಾತ್ರ ಬಾಕಿಯಿದೆ. ಅದಕ್ಕೆ ನನ್ನಲ್ಲಿರುವುದು ದುಆ ಒಂದೇ. ಅಲ್ಲಾಹನು ಅವರ ಕಬರನ್ನು ವಿಶಾಲಗೊಳಿಸಲಿ, ಅವರಿಗೆ ಸ್ವರ್ಗೋದ್ಯಾನವನ್ನು ಕರುಣಿಸಲಿ. ನೀವೂ ಆಮೀನ್ ಹೇಳುವಿರಲ್ಲವೇ?