ಸಿದ್ಧತೆಯೂ ಸಂಗ್ರಹವೂ

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂಬುದು ನಮ್ಮ ಹಿರಿಯರ ಮಾತು. ಅತಿಯಾಗಿ ಕೂಡಿಟ್ಟದ್ದು ಕೊಳೆಯುತ್ತದೆಂಬುದೂ ಅವರದೇ ಮಾತು. ಮೊದಲನೆಯದು ಗೃಹಸ್ಥನಿಗೆ ಮುಂದಾಲೋಚನೆಯನ್ನು ಬೋಧಿಸಿದರೆ ಎರಡನೆಯದು ಮಿತಿಯನ್ನು ಬೋಧಿಸುತ್ತದೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು, ಮೂವತ್ತು ವರ್ಷ ಧಾನ್ಯದ ವ್ಯಾಪಾರ ಮಾಡಿದ ನಾನು, ಅರವತ್ತು ತುಂಬಿದ ಮೇಲೆ, ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಏಳನೆಯ ಮಹಡಿಯಲ್ಲಿ ಕಲಿಯಬೇಕಾಯಿತು. ಕಲಿತ ರೀತಿ ಹೆಮ್ಮೆಪಡುವಂಥದ್ದಲ್ಲ. ಆದರೂ ಧರ್ಮಬಂಧುಗಳಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ತುಮಕೂರಿನ ಮಂಡಿಪೇಟೆಯ ಅಂಗಡಿಯನ್ನು ತಮ್ಮನಿಗೆ ವಹಿಸಿ 2019ರಲ್ಲಿ ನಾವು ಮಗನ ಮನೆಗೆ ಬಂದೆವು. ಮರುವರ್ಷದ ಮಾರ್ಚಿಯಲ್ಲಿ ಕೊರೋನಾ ಸುದ್ದಿ ದಿನದಿನಕ್ಕೆ ಬಲವಾಗುತ್ತಿತ್ತು. ವ್ಯಾಪಾರಿಯ ಮೂಗಿಗೆ ಅಭಾವದ ವಾಸನೆ ಬೇಗ ತಿಳಿಯುತ್ತದೆ. ಹಳೆಯ ಪರಿಚಯದ ಮಂಡಿಗೆ ಫೋನು ಮಾಡಿ 25 ಕಿಲೊ ತೂಕದ ಆರು ಚೀಲ ಅಕ್ಕಿ, ಒಂದು ಚೀಲ ತೊಗರಿಬೇಳೆ, ಬೆಲ್ಲ, ಎಣ್ಣೆಗಳನ್ನು ತರಿಸಿದೆ. ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ 15 ಕಿಲೊ ಅಕ್ಕಿ ಸಾಕು. ನಾನು ತರಿಸಿದ್ದು ಹತ್ತು ತಿಂಗಳಿನದು. ಮಾರ್ಚಿ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದಾಗ ಮನೆಯವರೆಲ್ಲ ನನ್ನ ದೂರದೃಷ್ಟಿಯನ್ನು ಹೊಗಳಿದರು. ನನಗೂ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ನಾಲ್ಕನೆಯ ದಿನ ಕಟ್ಟಡದ ಕಾವಲುಗಾರ ಬಾಗಿಲಲ್ಲಿ ನಿಂತ. ದೂರದ ರಾಜ್ಯದ ಯುವಕ. ನೆಲಮಾಳಿಗೆಯ ಚಿಕ್ಕ ಕೋಣೆಯಲ್ಲಿ ಇಬ್ಬರು ಸಂಗಡಿಗರೊಂದಿಗೆ ಇದ್ದವನು. ಅಂಗಡಿಗಳು ತೆರೆದಿರಲು ಸರಕಾರದ ಅನುಮತಿ ಇತ್ತು, ಆದರೆ ಹತ್ತಿರದ ಅಂಗಡಿಯಲ್ಲಿ ಅಕ್ಕಿ ಮುಗಿದಿತ್ತು. ನಾನು ಎರಡು ಕಿಲೊ ಅಕ್ಕಿ ಅಳೆದು ಕೊಟ್ಟು, ಆ ರಾತ್ರಿ ದಿನಚರಿಯಲ್ಲಿ ‘ಆಹಾರದಾನ’ ಎಂದು ಬರೆದುಕೊಂಡೆ. ಅವನು ಮತ್ತೆ ಕೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ಮೇ ತಿಂಗಳಲ್ಲಿ ಅವನು ಸಂಗಡಿಗರ ಜೊತೆ ಊರಿಗೆ ಹೊರಟುಹೋದ. ಮರಳಿ ಬರಲಿಲ್ಲ.

ಆಗಸ್ಟಿನಲ್ಲಿ ಉಳಿದಿದ್ದ ಮೂರು ಚೀಲಗಳಿಗೆ ಹುಳು ಬಿತ್ತು. ಗೋದಾಮಿನಲ್ಲಿಯೇ ಕಾಳಿನೊಳಗೆ ಇಟ್ಟ ಮೊಟ್ಟೆ ಮಳೆಗಾಲದ ತೇವಕ್ಕೆ ಮರಿಯಾಗುತ್ತದೆಂಬುದು ಮಂಡಿಯ ಹುಡುಗನಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ನಾನು ಚೀಲಗಳನ್ನು ಅಡುಗೆಮನೆಯ ಹಿಂದಿನ ಗಾಳಿಯಾಡದ ಮೂಲೆಯಲ್ಲಿ ಒಟ್ಟಿದ್ದೆ. ಅಕ್ಕಿಯನ್ನು ಬೇಯಿಸುವಂತಿಲ್ಲ, ಬಿಸಿಲಿಗೆ ಹಾಕಿ ಜೀವಗಳನ್ನು ಸುಡುವಂತಿಲ್ಲ, ಕಸಕ್ಕೆ ಎಸೆಯುವಂತಿಲ್ಲ. ತಾರಸಿಯ ನೆರಳಿನಲ್ಲಿ ಬಿಳಿಯ ಬಟ್ಟೆ ಹಾಸಿ, ತೆಳ್ಳಗೆ ಹರಡಿ, ಅವು ತಾವಾಗಿ ಹೊರಗೆ ಹರಿದುಹೋಗಲೆಂದು ಮೂರು ದಿನ ಕಾದು ಕುಳಿತೆ. ಎಷ್ಟು ಜೀವಗಳು ಉಳಿದವೋ, ಎಷ್ಟು ಕಾಲಡಿ ಅಳಿದವೋ! ನನ್ನ ಶ್ರೀಮತಿ ಬಂದು ನೋಡಿ, “ನೀವು ಕೂಡಿಟ್ಟದ್ದು ಅನ್ನವಲ್ಲ, ಆ ಹುಡುಗನ ಪಾಲನ್ನು ತಂದು ಹುಳುಗಳಿಗೆ ಊರು ಕಟ್ಟಿಕೊಟ್ಟಿರಿ” ಎಂದಳು. ಉತ್ತರ ಕೊಡಲಾಗಲಿಲ್ಲ.

ಆ ಸಂಜೆ ನನ್ನ ವ್ರತದ ಹಳೆಯ ಪುಸ್ತಕವನ್ನು ತೆರೆದೆ. ಬಹಳ ವರ್ಷಗಳ ಹಿಂದೆ ಮುನಿಗಳ ಸಾನ್ನಿಧ್ಯದಲ್ಲಿ ಪರಿಗ್ರಹ ಪರಿಮಾಣವನ್ನು ಸ್ವೀಕರಿಸಿದಾಗ ಹೊಲ, ಮನೆ, ಚಿನ್ನ, ನಗದು ಪ್ರತಿಯೊಂದಕ್ಕೂ ಮಿತಿ ಬರೆದಿದ್ದೆ. ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ಧಾನ್ಯವೂ ಹೆಸರಿಸಲ್ಪಟ್ಟಿದೆ. ಆದರೆ ಧಾನ್ಯವೆಂಬುದು ಅಂಗಡಿಯ ಸರಕೆಂದು ಭಾವಿಸಿ ಆ ಸಾಲನ್ನು ಖಾಲಿ ಬಿಟ್ಟಿದ್ದೆ. ಅಂಗಡಿಯ ಸರಕಿಗಾದರೋ 1955ರ ಅಗತ್ಯ ವಸ್ತುಗಳ ಅಧಿನಿಯಮದ ಅಡಿಯಲ್ಲಿ ಸರಕಾರ ದಾಸ್ತಾನಿನ ಮಿತಿ ಹೇರಬಲ್ಲದು. ಮನೆಯ ಉಗ್ರಾಣಕ್ಕೆ ಇನ್‌ಸ್ಪೆಕ್ಟರರು ಬರುವುದಿಲ್ಲ. ಅಲ್ಲಿಗೆ ಬರಬೇಕಾದದ್ದು ವ್ರತವೊಂದೇ. ಮೂರ್ಛೆಯೇ, ಅಂದರೆ ಮಮತೆಯೇ ಪರಿಗ್ರಹವೆಂದು ಉಮಾಸ್ವಾತಿಗಳು ಹೇಳಿದ್ದನ್ನು ಪ್ರವಚನಗಳಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಭಯದಿಂದ ಹುಟ್ಟುವ ಮಮತೆಯೂ ಮೂರ್ಛೆಯೇ ಎಂಬುದು ಆ ದಿನ ತಿಳಿಯಿತು.

ಹಾಗೆಂದು ಸಿದ್ಧತೆಯೇ ಬೇಡವೆಂಬ ತೀರ್ಮಾನಕ್ಕೆ ಬಂದಿದ್ದರೆ ಅದೂ ತಪ್ಪಾಗುತ್ತಿತ್ತು. ಇದನ್ನು ತೋರಿಸಿಕೊಟ್ಟದ್ದು 2022ರ ಸೆಪ್ಟೆಂಬರಿನ ಮಳೆ. ಆ ತಿಂಗಳ 4ರ ರಾತ್ರಿ ಸುರಿದ ಮಳೆಗೆ ಬೆಂಗಳೂರಿನ ಪೂರ್ವ ಭಾಗದ ಅನೇಕ ಬಡಾವಣೆಗಳು ಕೆರೆಗಳಾದವು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ನೀರು ತುಂಬಿತು. ವಿದ್ಯುತ್ ಫಲಕ, ನೀರೆತ್ತುವ ಪಂಪು, ಜನರೇಟರು ಎಲ್ಲವೂ ಅಲ್ಲಿಯೇ ಇದ್ದವು. ಮೂರು ರಾತ್ರಿ ಕತ್ತಲೆ. ಅದೇ ಸಮಯಕ್ಕೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೆ ನೀರು ನುಗ್ಗಿ ನಗರದ ಬಹುಭಾಗಕ್ಕೆ ಕಾವೇರಿ ನೀರೂ ನಿಂತಿತು.

ಬಹುಮಹಡಿ ಕಟ್ಟಡದಲ್ಲಿ ವಿದ್ಯುತ್ತು ಹೋಯಿತೆಂದರೆ ದೀಪವೊಂದೇ ಹೋಗುವುದಿಲ್ಲ. ತೊಟ್ಟಿಯ ನೀರು ತಾರಸಿಗೆ ಏರದು, ಲಿಫ್ಟು ಚಲಿಸದು, ಫೋನು ಮಾತಾಡದು, ಫೋನಿನ ಮೂಲಕ ಹಣ ಪಾವತಿಯೂ ಆಗದು. ಮಧ್ಯಾಹ್ನದ ಹೊತ್ತಿಗೆ ನಲ್ಲಿ ಬರಿದಾಯಿತು. ನಮ್ಮಲ್ಲಿ ಅಕ್ಕಿಯಿತ್ತು, ಬೇಯಿಸಲು ನೀರಿರಲಿಲ್ಲ. ನಾಲ್ಕನೆಯ ಮಹಡಿಯ ವೃದ್ಧೆಯೊಬ್ಬರ ಇನ್ಸುಲಿನ್ ತಣ್ಣಗಿಲ್ಲದ ಫ್ರಿಜ್ಜಿನಲ್ಲಿತ್ತು. ನೆರೆಯ ಗೃಹಿಣಿಯೊಬ್ಬರು ಅದನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿಟ್ಟು ಕಾಪಾಡಿದರು. ಎರಡನೆಯ ದಿನ ಆ ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ ಮೆಟ್ಟಿಲಿಳಿಸಿ ಬಂಧುಗಳ ಮನೆಗೆ ಕಳುಹಿಸಬೇಕಾಯಿತು. ಹೊತ್ತವರು ಇಬ್ಬರು ತರುಣರು ಮತ್ತು ಹೊಸ ಕಾವಲುಗಾರ. ಆ ಕಾವಲುಗಾರನ ಹೆಸರನ್ನು ನಾನು ಅಂದೇ ಮೊದಲ ಬಾರಿಗೆ ಕೇಳಿ ತಿಳಿದುಕೊಂಡೆ.

ಆ ಬಳಿಕ ನಿವಾಸಿಗಳ ಸಂಘದಲ್ಲಿ ನಾನು ಲೆಕ್ಕ ಬಲ್ಲವನೆಂದು ಸಿದ್ಧತೆಯ ಪಟ್ಟಿ ಮಾಡುವ ಕೆಲಸವನ್ನು ನನಗೆ ಒಪ್ಪಿಸಿದರು. ನಾವು ಒಪ್ಪಿಕೊಂಡ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯದು ನೀರು. ಆಪತ್ಕಾಲದಲ್ಲಿ ಕುಡಿಯಲು, ಅಡುಗೆಗೆ, ಶುಚಿಗೆ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರು ಬೇಕೆಂಬುದು ಪರಿಹಾರ ಕಾರ್ಯಗಳಲ್ಲಿ ಅಂತಾರಾಷ್ಟ್ರೀಯವಾಗಿ ಒಪ್ಪಿದ ಅಳತೆ. ನಾಲ್ವರಿಗೆ ಮೂರು ದಿನಕ್ಕೆ 180 ಲೀಟರು, ಅಂದರೆ 20 ಲೀಟರಿನ ಒಂಬತ್ತು ಕ್ಯಾನು. ಇದರಲ್ಲಿ ಮೂರನ್ನು ಕುಡಿಯಲು ಮತ್ತು ಅಡುಗೆಗೆ ಪ್ರತ್ಯೇಕಿಸಬೇಕು. ನಿಂತ ನೀರಿನಲ್ಲಿ ಜೀವೋತ್ಪತ್ತಿ ಆಗದಂತೆ ಮುಚ್ಚಿಡುವುದು, ಆಗಾಗ ಬದಲಿಸಿ ಹಳೆಯದನ್ನು ಗಿಡಗಳಿಗೆ, ನೆಲ ಒರೆಸುವುದಕ್ಕೆ ಬಳಸುವುದು, ಕುಡಿಯುವ ಮುನ್ನ ಸೋಸಿ ಚೆನ್ನಾಗಿ ಕುದಿಸುವುದು ನಮ್ಮ ಮನೆಗಳಿಗೆ ಹೊಸತೇನಲ್ಲ.

ಎರಡನೆಯದು ಬೆಳಕು. 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್ ಅವರ್ ಇದ್ದರೂ, ನಷ್ಟ ಕಳೆದು, ಬ್ಯಾಟರಿ ಪೂರ್ತಿ ಬರಿದಾಗದಂತೆ ಉಪಯೋಗಿಸಿದರೆ ದಕ್ಕುವುದು ಸುಮಾರು 1000. ಒಂಬತ್ತು ವಾಟಿನ ಮೂರು ದೀಪ ಮತ್ತು 75 ವಾಟಿನ ಹಳೆಯ ಫ್ಯಾನು ಒಂದನ್ನು ಹಚ್ಚಿದರೆ ಹತ್ತು ಗಂಟೆ ಬಂದೀತು. ಫ್ಯಾನು 30 ವಾಟಿನ ಹೊಸ ಬಗೆಯದಾದರೆ ಹದಿನೇಳು ಗಂಟೆ. ಸೂರ್ಯಾಸ್ತದ ಮುಂಚೆ ಊಟ ಮುಗಿಸುವ ಮನೆಗೆ ಅಡುಗೆಮನೆಯ ದೀಪವೂ ಉಳಿತಾಯವೇ! ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸುವುದು, ನೆಲಮಾಳಿಗೆಯೊಳಗೆ ಅಥವಾ ಬಾಲ್ಕನಿಯಲ್ಲಿ ಜನರೇಟರು ಓಡಿಸುವುದು ಸರ್ವಥಾ ಕೂಡದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ಮೂರನೆಯದು ರೋಗಕಾಲದ ವ್ಯವಸ್ಥೆ. ನಿತ್ಯದ ಔಷಧಿ ಹದಿನೈದು ದಿನಕ್ಕೆ, ಉಷ್ಣಮಾಪಕ, ಆಕ್ಸಿಮೀಟರು, ಮಾಸ್ಕುಗಳು, ಹಾಗೂ ರೋಗಿಯನ್ನು ಬೇರೆಯಿರಿಸಲು ಕಿಟಕಿ ತೆರೆದು ಗಾಳಿಯಾಡುವ ಒಂದು ಕೋಣೆ. ಆಕ್ಸಿಮೀಟರು 94ಕ್ಕಿಂತ ಕೆಳಗಿಳಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕೆಂಬುದನ್ನು 2021ರ ಏಪ್ರಿಲ್, ಮೇ ತಿಂಗಳುಗಳು ಎಲ್ಲರಿಗೂ ಕಲಿಸಿವೆ.

ನಾಲ್ಕನೆಯದು ಆಹಾರ. ಪ್ರತಿ ಮನೆಯಲ್ಲಿ ಮಾಮೂಲಿನ ತಿಂಗಳ ದಿನಸಿಗಿಂತ ಹದಿನೈದು ದಿನದ್ದು ಮಾತ್ರ ಹೆಚ್ಚು. ಮೊದಲು ಬಂದದ್ದು ಮೊದಲು ಖರ್ಚಾಗಬೇಕೆಂಬ ಮಂಡಿಯ ನಿಯಮ ಉಗ್ರಾಣಕ್ಕೂ ಸಲ್ಲುತ್ತದೆ. ಜೊತೆಗೆ ಸ್ವಲ್ಪ ನಗದು, ಒಂದು ಟಾರ್ಚು, ಕಾಗದದ ಮೇಲೆ ಬರೆದ ಫೋನು ಸಂಖ್ಯೆಗಳು.

ಐದನೆಯದನ್ನು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಕಟ್ಟಡದ ಪ್ರತಿಯೊಂದು ಮನೆಯೂ ಕೊಡುವ ಪಾಲಿನಿಂದ ಒಂದು ಸಾಮಾನ್ಯ ಉಗ್ರಾಣ. ಅದರಿಂದ ಪಡೆಯಲು ಮೊದಲ ಅಧಿಕಾರ ಕಾವಲುಗಾರರಿಗೆ, ಮನೆಗೆಲಸದವರಿಗೆ, ಒಂಟಿಯಾಗಿರುವ ವೃದ್ಧರಿಗೆ. ಅವರು ಯಾರ ಬಾಗಿಲಲ್ಲಿಯೂ ನಿಂತು ಕೇಳಬೇಕಾಗಿಲ್ಲ. ಯಾರ ಮನೆಯಲ್ಲಿ ಇನ್ಸುಲಿನ್ ಇದೆ, ಯಾರು ಮೆಟ್ಟಿಲಿಳಿಯಲಾರರು, ಹೊರುವವರು ಯಾರು ಎಂಬುದು ಅವರವರ ಒಪ್ಪಿಗೆಯಿಂದ ಸಂಘದ ಪುಸ್ತಕದಲ್ಲಿದೆ. ವಿದ್ಯುತ್ ಫಲಕವನ್ನು ನೆಲಮಾಳಿಗೆಯಿಂದ ಮೇಲಕ್ಕೆ ಏರಿಸುವ ಖರ್ಚಿನ ಬಗ್ಗೆ ವಾದ ಬಹಳ ನಡೆಯಿತು, ಕೊನೆಗೆ ಏರಿಸಲಾಯಿತು.

ಈ ಅನುಭವದಿಂದ ನನಗೆ ತೋರಿದ್ದು ಇಷ್ಟೇ. ಸಂಗ್ರಹಕ್ಕೆ ಅಳತೆಯಿಲ್ಲ, ಅದು ಬಾಗಿಲ ಹಿಂದೆ ಅಡಗಿರುತ್ತದೆ. ಸಿದ್ಧತೆಗೆ ಮೊದಲೇ ನಿಶ್ಚಯಿಸಿದ ಅಳತೆಯಿದೆ, ಅದು ನಾಲ್ಕು ಜನರಿಗೆ ತಿಳಿದಿರುತ್ತದೆ, ಅದರಲ್ಲಿ ಇತರರ ಪಾಲು ಮೊದಲೇ ಎತ್ತಿಟ್ಟಿರುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಆಹಾರವನ್ನೂ ಔಷಧವನ್ನೂ ಮುಂಚಿತವಾಗಿ ಎತ್ತಿಟ್ಟರೆ ನೆರೆಯವನಿಗೆ ಅಭಯವೂ ಅದರೊಂದಿಗೇ ದೊರೆಯುತ್ತದೆ. ನಮ್ಮ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಪಾತ್ರೆಗಳಿವೆ, ಸಭಾಭವನಗಳಿವೆ, ಅನೇಕ ಕಡೆ ಬಾವಿಗಳೂ ಇವೆ. ಸುತ್ತಲಿನ ಕೆಲವು ಬೀದಿಗಳಿಗೆ ಇಂಥ ಒಂದು ಉಗ್ರಾಣವನ್ನು ಅವು ನಡೆಸಲು ಸಾಧ್ಯವೇ ಎಂದು ವಿಚಾರಿಸಬೇಕೆಂದು ವಿನಂತಿ.

ನನ್ನ ವ್ರತದ ಪುಸ್ತಕದ ಖಾಲಿ ಸಾಲು ಈಗ ಖಾಲಿಯಿಲ್ಲ. ಧಾನ್ಯ: ಒಂದೂವರೆ ತಿಂಗಳಿನದು. 2020ರ ದಿನಚರಿಯಲ್ಲಿ ‘ಆಹಾರದಾನ’ ಎಂಬ ಪದವನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಬಾಕಿ’ ಎಂದು ಬರೆದಿದ್ದೇನೆ. ಅದನ್ನು ತೀರಿಸಲು ಆ ಯುವಕನ ವಿಳಾಸವಾಗಲಿ ಹೆಸರಾಗಲಿ ನನ್ನಲ್ಲಿಲ್ಲ.