ಮತದಿಂದ ದರ್ಶನಕ್ಕೆ: ಸ್ಪಿನೋಜನ ಪಯಣ



ಧರ್ಮನಿಷ್ಠರ ಮನೆಯಲ್ಲಿ ಹುಟ್ಟಿ, ಆ ಧರ್ಮದ ಶಾಸ್ತ್ರಗಳನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿ, ಯೌವನದಲ್ಲಿ ಅದರ ಹೊಸ್ತಿಲನ್ನು ದಾಟಿ ಹೊರನಡೆದವನನ್ನು ನಾಸ್ತಿಕನೆಂದು ಕರೆಯಬೇಕೋ, ಬೇರೊಂದು ಬಗೆಯ ಸಾಧಕನೆಂದು ತಿಳಿಯಬೇಕೋ ಎಂದು ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳು ಆಗಾಗ ಪತ್ರಮುಖೇನ ಕೇಳುತ್ತಿರುತ್ತಾರೆ. ಕೆಲವರು ತಮ್ಮ ಸಲುವಾಗಿ ಕೇಳುತ್ತಾರೆ. ಇನ್ನು ಕೆಲವರು ತಮ್ಮ ಮಕ್ಕಳ ಸಲುವಾಗಿ. ಇಂಥ ಪ್ರಶ್ನೆಗೆ ಶಾಸ್ತ್ರಪ್ರಮಾಣಗಳಿಂದ ಉತ್ತರ ಕೊಡುವುದು ಕಷ್ಟವೇನಲ್ಲ. ಆದರೆ ಒಬ್ಬ ಮನುಷ್ಯನ ಬದುಕನ್ನು ಎದುರಿಗಿಟ್ಟುಕೊಂಡು ಆಲೋಚಿಸುವುದು ಹೆಚ್ಚು ಪ್ರಾಮಾಣಿಕವಾದ ಮಾರ್ಗವೆಂದು ನಮಗೆ ತೋರುತ್ತದೆ. ನಾವಿಲ್ಲಿ ಆರಿಸಿಕೊಂಡಿರುವ ವ್ಯಕ್ತಿ ಈ ನಾಡಿನವನಲ್ಲ. ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ ಬಾಳಿದ ಯಹೂದಿ ವಂಶದ ತತ್ತ್ವಜ್ಞಾನಿ ಸ್ಪಿನೋಜ ಅವನು.

ಅವನ ಪರಿಚಯ ನಮಗಾದದ್ದು ಧಾರವಾಡದಲ್ಲಿ, ತತ್ತ್ವಶಾಸ್ತ್ರದ ಎಂ.ಎ. ವ್ಯಾಸಂಗದ ಕಾಲದಲ್ಲಿ. ಅದಕ್ಕೆ ಮುಂಚೆ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕ, ಶಕ್ತಿವಿಶಿಷ್ಟಾದ್ವೈತಗಳನ್ನು ಓದಿ ಬಂದಿದ್ದ ನಮಗೆ ಪಾಶ್ಚಾತ್ಯ ದಾರ್ಶನಿಕರೆಂದರೆ ಬರಿಯ ಪರೀಕ್ಷೆಯ ವಿಷಯವಾಗಿದ್ದರು. ಸ್ಪಿನೋಜನ 'ಎಥಿಕ್ಸ್' ಗ್ರಂಥವನ್ನು ತೆರೆದಾಗ ಗಾಬರಿಯೇ ಆಯಿತೆನ್ನಬೇಕು. ದೇವರನ್ನು ಕುರಿತು ಬರೆದ ಪುಸ್ತಕ ರೇಖಾಗಣಿತದ ಪುಸ್ತಕದಂತೆ ಕಾಣುತ್ತಿತ್ತು. ಲಕ್ಷಣ, ಸ್ವಯಂಸಿದ್ಧ ಸೂತ್ರ, ಪ್ರಮೇಯ, ಉಪಪತ್ತಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತಿತ್ತು. ನ್ಯಾಯಶಾಸ್ತ್ರದ ಅಭ್ಯಾಸವಿಲ್ಲದಿದ್ದರೆ ಆ ಮೆಟ್ಟಿಲುಗಳಲ್ಲಿ ನಾವು ಎಲ್ಲಿಯೋ ಕುಳಿತುಬಿಡುತ್ತಿದ್ದೆವು. ಪರೀಕ್ಷೆ ಮುಗಿದು ಮೂರು ದಶಕಗಳಾಗುತ್ತ ಬಂದರೂ ಪುಸ್ತಕ ನಮ್ಮನ್ನು ಬಿಟ್ಟಿಲ್ಲ.

ಸ್ಪಿನೋಜ ಹುಟ್ಟಿದ್ದು 1632ರ ನವೆಂಬರ್ 24ರಂದು, ಆಮ್‌ಸ್ಟರ್‌ಡಾಂ ನಗರದಲ್ಲಿ. ಅವನಿಗೆ ಮೂರು ಹೆಸರುಗಳಿದ್ದವು. ಮನೆಯ ಮಾತಾದ ಪೋರ್ಚುಗೀಸಿನಲ್ಲಿ ಬೆಂಟೊ, ಪ್ರಾರ್ಥನಾಮಂದಿರದ ಹೀಬ್ರೂವಿನಲ್ಲಿ ಬಾರೂಕ್, ಮುಂದೆ ಗ್ರಂಥರಚನೆಗೆ ಬಳಸಿದ ಲ್ಯಾಟಿನ್ನಿನಲ್ಲಿ ಬೆನೆಡಿಕ್ಟಸ್. ಮೂರಕ್ಕೂ ಅರ್ಥ ಒಂದೇ: ಅನುಗ್ರಹ ಪಡೆದವನು. ಅವನ ಪೂರ್ವಿಕರು ಪೋರ್ಚುಗಲ್ಲಿನಿಂದ ಬಂದವರು. ಅಲ್ಲಿನ ಯಹೂದಿಗಳನ್ನು 1497ರಲ್ಲಿ ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಲಾಯಿತು. 1536ರಲ್ಲಿ ಮತವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. ಗುಟ್ಟಾಗಿ ಹಳೆಯ ಆಚಾರವನ್ನು ಉಳಿಸಿಕೊಂಡವರು ಸೆರೆಮನೆಗೂ ಚಿತೆಗೂ ಹೋದರು. ತಪ್ಪಿಸಿಕೊಂಡು ಬಂದವರಲ್ಲಿ ಹಲವರು ಆಮ್‌ಸ್ಟರ್‌ಡಾಂನಲ್ಲಿ ನೆಲೆನಿಂತು, ತಲೆಮಾರುಗಳ ಹಿಂದೆ ಮರೆತುಹೋಗಿದ್ದ ತಮ್ಮ ಧರ್ಮವನ್ನು ಹೊಸದಾಗಿ ಕಲಿತು ಕಟ್ಟಿಕೊಂಡರು. ವಾಚಕರು ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸ್ಪಿನೋಜನನ್ನು ಹೊರಗೆ ಹಾಕಿದವರನ್ನು ಕ್ರೂರಿಗಳೆಂದು ಹಳಿದು ಮುಗಿಸಿಬಿಡುವುದು ನ್ಯಾಯವಲ್ಲ. ಪ್ರಾಣವನ್ನು ಪಣವಾಗಿಟ್ಟು ಉಳಿಸಿಕೊಂಡ ಧರ್ಮ ಅದು.

ಆ ಸಮಾಜದಲ್ಲಿ ಭಿನ್ನಾಭಿಪ್ರಾಯಕ್ಕೆ ಏನಾಗುತ್ತಿತ್ತೆಂಬುದನ್ನು ಬಾಲಕ ಸ್ಪಿನೋಜ ಅರಿಯದೆ ಇರಲಾರ. ಯೂರಿಯಲ್ ಡ ಕೋಸ್ಟ ಎಂಬವನು ಆತ್ಮದ ಅಮರತ್ವವನ್ನೂ ಗುರುಗಳು ಬೆಳೆಸಿಕೊಂಡು ಬಂದ ವಿಧಿಗಳನ್ನೂ ಪ್ರಶ್ನಿಸಿ ಬಹಿಷ್ಕೃತನಾಗಿದ್ದ. ಒಂಟಿತನವನ್ನು ತಾಳಲಾರದೆ ಮರಳಿ ಬಂದಾಗ ಅವನಿಗೆ ಪ್ರಾರ್ಥನಾಮಂದಿರದಲ್ಲಿ ಎಲ್ಲರೆದುರು ಮೂವತ್ತೊಂಬತ್ತು ಛಡಿಯೇಟು ಕೊಟ್ಟು, ಬಳಿಕ ಹೊಸ್ತಿಲ ಮೇಲೆ ಮಲಗಿಸಿ, ಸೇರಿದ್ದ ಜನರೆಲ್ಲ ಅವನನ್ನು ದಾಟಿಕೊಂಡು ಹೊರನಡೆದರು. ಅವನೇ ಇದನ್ನು ತನ್ನ ಆತ್ಮವೃತ್ತಾಂತದಲ್ಲಿ ಬರೆದಿದ್ದಾನೆ. 1640ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನು. ಆಗ ಸ್ಪಿನೋಜನಿಗೆ ಏಳೆಂಟು ವರ್ಷ.

ಹದಿನಾರು ವರ್ಷಗಳ ಮೇಲೆ ಸರದಿ ಅವನದಾಯಿತು. 1656ರ ಜುಲೈ 27ರಂದು, ಇಪ್ಪತ್ತಮೂರರ ಹರೆಯದ ಸ್ಪಿನೋಜನ ಮೇಲೆ ಬಹಿಷ್ಕಾರದ ನಿರ್ಣಯವನ್ನು ಓದಲಾಯಿತು. ತಂದೆ ತೀರಿಹೋಗಿ ಎರಡು ವರ್ಷವಾಗಿತ್ತು. ತಮ್ಮ ಗೇಬ್ರಿಯಲ್‌ನೊಡನೆ ಅವನು ತಂದೆಯ ವ್ಯಾಪಾರವನ್ನು ನಡೆಸುತ್ತಿದ್ದನು. ಯಾರೂ ಅವನೊಡನೆ ಮಾತನಾಡಬಾರದು, ಪತ್ರವ್ಯವಹಾರ ಮಾಡಬಾರದು, ಒಂದೇ ಸೂರಿನಡಿ ಇರಬಾರದು, ನಾಲ್ಕು ಮೊಳ ಸಮೀಪಕ್ಕೂ ಬರಬಾರದು, ಅವನು ಬರೆದುದನ್ನು ಓದಬಾರದು ಎಂಬುದು ಅದರ ತಾತ್ಪರ್ಯ. ಅವನ ಅಪರಾಧದ ವಿವರ ಮಾತ್ರ ಅದರಲ್ಲಿಲ್ಲ. ಆ ಸಮಾಜ ವಿಧಿಸುತ್ತಿದ್ದ ಬಹಿಷ್ಕಾರಗಳಲ್ಲಿ ಹೆಚ್ಚಿನವು ಪ್ರಾಯಶ್ಚಿತ್ತದಿಂದ ಮುಗಿಯುವಂಥವು; ಇದು ಎಂದೂ ಹಿಂತೆಗೆಯದ ಬಹಿಷ್ಕಾರವಾಯಿತು.

ಹೊರಬಿದ್ದ ಅವನು ಮತ್ತೊಂದು ಮತದ ಬಾಗಿಲನ್ನು ತಟ್ಟಲಿಲ್ಲ. ಪ್ರಾಟೆಸ್ಟೆಂಟ್ ಪಂಗಡಗಳ ಸಜ್ಜನರು ಅವನ ಆಪ್ತಮಿತ್ರರಾಗಿದ್ದರು. ದೀಕ್ಷಾಸ್ನಾನ ಪಡೆದಿದ್ದರೆ ಆ ಕಾಲದಲ್ಲಿ ಬದುಕು ಎಷ್ಟೋ ಸಲೀಸಾಗುತ್ತಿತ್ತು. ಒಂದು ಮಠವನ್ನು ಬಿಟ್ಟು ಇನ್ನೊಂದು ಮಠಕ್ಕೆ ಹೋಗುವವರನ್ನು ನಾವೂ ಕಂಡಿದ್ದೇವೆ. ಯಾವ ಮಠವೂ ಇಲ್ಲದೆ, ಯಾರ ಮೇಲೂ ಮುನಿಸಿಲ್ಲದೆ ಬದುಕುವುದು ಬೇರೆಯ ಮಾತು. ಅವನು ಕನ್ನಡಕ, ಸೂಕ್ಷ್ಮದರ್ಶಕ, ದೂರದರ್ಶಕಗಳ ಮಸೂರಗಳನ್ನು ಉಜ್ಜಿ ನಯಗೊಳಿಸುವ ಕೆಲಸವನ್ನು ಕೈಗೆತ್ತಿಕೊಂಡನು. ಶನಿಗ್ರಹದ ಬಳೆಯ ನಿಜಸ್ವರೂಪವನ್ನು ತಿಳಿಸಿದ ವಿಜ್ಞಾನಿ ಹೈಗೆನ್ಸ್ ತನ್ನ ಸಹೋದರನಿಗೆ ಬರೆದ ಪತ್ರಗಳಲ್ಲಿ ಈ ಮಸೂರಗಳ ಹೊಳಪನ್ನು ಮೆಚ್ಚಿಕೊಂಡಿದ್ದಾನೆ. ಸೀಮೋನ್ ಡ ವ್ರೀಸ್ ಎಂಬ ಶ್ರೀಮಂತ ಶಿಷ್ಯ ದೊಡ್ಡ ಮೊತ್ತವನ್ನು ಕೊಡಬಂದಾಗ ಬೇಡವೆಂದನು. ಶಿಷ್ಯನ ಮರಣಾನಂತರ ವರ್ಷಕ್ಕೆ 500 ಫ್ಲೋರಿನ್ ಸಲ್ಲುವ ಏರ್ಪಾಡಾದಾಗ 300 ಸಾಕೆಂದು ಇಳಿಸಿಕೊಂಡನಂತೆ. ಬೆಳಿಗ್ಗೆಯಿಂದ ಗಾಜನ್ನು ಉಜ್ಜಿ, ರಾತ್ರಿ ದೇವರನ್ನು ಕುರಿತು ಬರೆದವನ ಈ ದಿನಚರಿಗೆ ಹೆಸರಿಡಲು ನಮ್ಮ ಭಾಷೆಯಲ್ಲಿ 'ಕಾಯಕ' ಎಂಬ ಮಾತು ಸಿದ್ಧವಾಗಿದೆ. ಅವನ ಭಾಷೆಗಳಲ್ಲಿ ಅಂಥ ಮಾತಿತ್ತೋ ಇಲ್ಲವೋ, ಕೆಲಸವಂತೂ ಇತ್ತು.

ಇನ್ನು ಅವನ ದರ್ಶನ. ಇರುವುದು ಅನಂತವಾದ ಒಂದೇ ತತ್ತ್ವ. ಅದನ್ನು ದೇವರೆಂದಾದರೂ ಕರೆಯಿರಿ, ಪ್ರಕೃತಿಯೆಂದಾದರೂ ಕರೆಯಿರಿ. ನಾವೂ ನೀವೂ ಬೆಟ್ಟವೂ ಹುಳವೂ ಅದರ ವಿಕಾರಗಳು. ಇಷ್ಟರ ಮಟ್ಟಿಗೆ ವೇದಾಂತ ಓದಿದವನಿಗೆ ಅಪರಿಚಿತವಾದುದೇನೂ ಇಲ್ಲ. ಈ ಕಾರಣಕ್ಕೇ ನಮ್ಮಲ್ಲಿ ಕೆಲವರು ಸ್ಪಿನೋಜ ಅದ್ವೈತಿಯೇ ಸರಿ ಎಂದು ಸಂತೋಷಪಟ್ಟು ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಕಷ್ಟ ಆರಂಭವಾಗುವುದೇ ಆಮೇಲೆ. ಅವನ ದೇವರಿಗೆ ಸಂಕಲ್ಪವಿಲ್ಲ, ಉದ್ದೇಶವಿಲ್ಲ, ಕೋಪಪ್ರಸಾದಗಳಿಲ್ಲ. ತ್ರಿಕೋನದ ಗುಣಗಳು ಅದರ ಲಕ್ಷಣದಿಂದಲೇ ಹೊರಡುವಂತೆ ಜಗತ್ತಿನ ಸಮಸ್ತವೂ ಆ ತತ್ತ್ವದಿಂದ ನಿಯತವಾಗಿ ಹೊರಡುತ್ತದೆ. ಹರಕೆ ಹೊತ್ತರೆ ಒಲಿಯುವ, ಮರೆತರೆ ಮುನಿಯುವ ಒಡೆಯ ಅಲ್ಲಿಲ್ಲ.

ಈ ಮಾತು ನಮಗೆ ಪುಸ್ತಕದಿಂದ ಹೊರಬಂದು ಜೀವನದಲ್ಲಿ ಎದುರಾದದ್ದು ನಮ್ಮ ಪೂಜ್ಯ ಗುರುಗಳು ಲಿಂಗೈಕ್ಯರಾದ ವರ್ಷ. ಅವರು ಎಂಬತ್ತರ ಗಡಿಯನ್ನು ದಾಟಿದ್ದರು, ಹೃದಯ ದುರ್ಬಲವಾಗಿತ್ತು, ವೈದ್ಯರು ಮೊದಲೇ ತಿಳಿಸಿದ್ದರು. ಆದರೂ ಸಂತಾಪಕ್ಕೆ ಬಂದ ಜನರಲ್ಲಿ ಒಂದು ಮಾತು ಹುಟ್ಟಿಕೊಂಡಿತು: ಆ ದಿನ ಬೆಳಿಗ್ಗೆ ಗದ್ದುಗೆಯ ಪೂಜೆ ತಡವಾಗಿತ್ತಂತೆ, ಅದರ ಫಲವೇ ಇದು. ಪೂಜೆಯ ಹೊಣೆ ಹೊತ್ತಿದ್ದ ವೃದ್ಧ ಪರಿಚಾರಕನ ಕಿವಿಗೆ ಇದು ಬೀಳದೆ ಇರಲಿಲ್ಲ. ನಲವತ್ತು ವರ್ಷ ಗುರುಸೇವೆ ಮಾಡಿದ ಜೀವ ಅದು. ಎರಡು ದಿನ ಪ್ರಸಾದ ಮುಟ್ಟದೆ ಕಂಬಕ್ಕೊರಗಿ ಕುಳಿತುಬಿಟ್ಟಿತು.

ಸ್ಪಿನೋಜ ತನ್ನ ಗ್ರಂಥದ ಮೊದಲನೆಯ ಭಾಗದ ಕೊನೆಗೆ ಒಂದು ದೃಷ್ಟಾಂತವನ್ನು ಕೊಡುತ್ತಾನೆ. ಮಾಳಿಗೆಯಿಂದ ಕಲ್ಲು ಬಿದ್ದು ದಾರಿಹೋಕನೊಬ್ಬ ಸತ್ತನೆಂದುಕೊಳ್ಳಿ. ಗಾಳಿ ಬೀಸಿತು, ಅವನು ಆ ದಾರಿಯಲ್ಲಿ ಬರುತ್ತಿದ್ದ, ಕಲ್ಲು ಬಿತ್ತು ಎಂದು ನೀವು ಹೇಳಿದರೆ ಜನ ಒಪ್ಪುವುದಿಲ್ಲ. ಗಾಳಿ ಆಗಲೇ ಏಕೆ ಬೀಸಿತು, ಅವನು ಆಗಲೇ ಏಕೆ ಬಂದ ಎಂದು ಕಾರಣದ ಹಿಂದಿನ ಕಾರಣವನ್ನು ಕೇಳುತ್ತಾ ಹೋಗಿ, ಕಡೆಗೆ ನೀವು ದೇವರ ಇಚ್ಛೆಯೆಂದು ಕೈಚೆಲ್ಲುವವರೆಗೂ ಬಿಡುವುದಿಲ್ಲ. ದೇವರ ಇಚ್ಛೆ ಅವರ ಪಾಲಿಗೆ ಅಜ್ಞಾನ ಅಡಗಿಕೊಳ್ಳುವ ತಾಣವಾಗುತ್ತದೆ. ಈ ಭಾಗವನ್ನು ವಿದ್ಯಾರ್ಥಿದೆಸೆಯಲ್ಲಿ ಓದಿದಾಗ ದೈವದ್ರೋಹದ ಮಾತಿನಂತೆ ಕೇಳಿಸಿತ್ತು. ಪರಿಚಾರಕನ ಎದುರು ಕುಳಿತ ಆ ರಾತ್ರಿ ಅದೇ ಮಾತು ಕರುಣೆಯ ಮಾತಾಯಿತು. ನಾವು ಅವನಿಗೆ ಸ್ಪಿನೋಜನ ಹೆಸರನ್ನು ಹೇಳಲಿಲ್ಲ. ಗುರುಗಳ ಹೃದಯದ ನಾಳಗಳು ಎಷ್ಟು ವರ್ಷಗಳಿಂದ ಹೇಗೆ ಸವೆಯುತ್ತ ಬಂದಿದ್ದವು ಎಂಬುದನ್ನು ವೈದ್ಯರು ತಿಳಿಸಿದ್ದಂತೆಯೇ ಬಿಡಿಸಿ ಹೇಳಿದೆವು. ಪೂಜೆಯ ಗಳಿಗೆಗೂ ಆ ನಾಳಗಳಿಗೂ ನಂಟಿಲ್ಲವೆಂದು ಹೇಳಿದೆವು. ಮಾರನೆಯ ದಿನ ಅವನು ಪಂಕ್ತಿಗೆ ಬಂದು ಕುಳಿತನು. ಅಲ್ಲಿಂದ ಈಚೆಗೆ, ಯಾರ ಮನೆಯಲ್ಲಿ ಸಾವಾಗಲಿ ರೋಗವಾಗಲಿ ಬಂದಾಗ, ಇಂಥ ದೋಷದಿಂದ ಹೀಗಾಯಿತು ಎಂಬ ಮಾತನ್ನು ನಾವು ಆಡಿಲ್ಲ. ನಮ್ಮೆದುರು ಆಡಗೊಡಿಸಿಯೂ ಇಲ್ಲ. ಬೇಡುವ ಧರ್ಮದಿಂದ ಅರಿಯುವ ದರ್ಶನದ ಕಡೆಗೆ ನಾವು ನಡೆದ ದಾರಿ ಏನಾದರೂ ಇದ್ದರೆ ಅದರ ಮೊದಲ ಹೆಜ್ಜೆ ಅಲ್ಲಿದೆ.

ಹಾಗೆಂದು ಕೊನೆಯವರೆಗೂ ಅವನ ಜೊತೆ ಹೋಗಲು ನಮಗೆ ಸಾಧ್ಯವಾಗಿಲ್ಲ. ದೇವರನ್ನು ನಿಜವಾಗಿ ಪ್ರೀತಿಸುವವನು ದೇವರು ತನ್ನನ್ನು ಮರಳಿ ಪ್ರೀತಿಸಲೆಂದು ಬಯಸಕೂಡದು ಎನ್ನುತ್ತಾನೆ ಸ್ಪಿನೋಜ. ಲಾಭದ ವಾಸನೆಯಿಲ್ಲದ ಭಕ್ತಿಗೆ ಇದಕ್ಕಿಂತ ಕಠಿಣವಾದ ಲಕ್ಷಣವನ್ನು ನಾವು ಬೇರೆಲ್ಲೂ ಕಂಡಿಲ್ಲ. ಆದರೆ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ದೃಷ್ಟಿ ನೆಟ್ಟು ಕುಳಿತಾಗ ಆ ಕಡೆಯಿಂದ ಏನೂ ಬರುತ್ತಿಲ್ಲವೆಂದು ಹೇಳಲು ನಮ್ಮ ಅನುಭವ ಒಪ್ಪುವುದಿಲ್ಲ. ಅದು ನಮ್ಮ ಮನಸ್ಸಿನ ಪ್ರತಿಧ್ವನಿಯಷ್ಟೇ ಎಂದು ಅವನು ಹೇಳಬಹುದು. ಇರಲಿ. ಈ ವಾದವನ್ನು ಬಗೆಹರಿಸಿಕೊಳ್ಳದೆಯೇ ನಾವು ಪೂಜೆಗೂ ಕುಳಿತುಕೊಳ್ಳುತ್ತೇವೆ, ಅವನ ಪುಸ್ತಕವನ್ನೂ ತೆರೆಯುತ್ತೇವೆ.

ಅವನ ನಿಷ್ಠೆಗೆ ಪರೀಕ್ಷೆ ಬಂದದ್ದು ಒಂದು ಸಲವಲ್ಲ. 1670ರಲ್ಲಿ ಹೆಸರಿಲ್ಲದೆ ಪ್ರಕಟಿಸಿದ, ಧರ್ಮಗ್ರಂಥವಿಮರ್ಶೆಯನ್ನೂ ವಿಚಾರಸ್ವಾತಂತ್ರ್ಯವನ್ನೂ ಕುರಿತ ಗ್ರಂಥವನ್ನು 1674ರಲ್ಲಿ ಹಾಲೆಂಡಿನ ಆಡಳಿತ ನಿಷೇಧಿಸಿತು. ಅದಕ್ಕೊಂದು ವರ್ಷ ಮುಂಚೆ ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಲು ಅಲ್ಲಿನ ಅರಸನ ಪರವಾಗಿ ಕರೆ ಬಂದಿತ್ತು. ಪ್ರತಿಷ್ಠಿತ ಧರ್ಮವನ್ನು ಕದಡಲಾರನೆಂಬ ನಂಬಿಕೆ ಆ ಕರೆಯಲ್ಲಿಯೇ ಷರತ್ತಿನಂತೆ ಸೇರಿತ್ತು. ಆ ಸ್ವಾತಂತ್ರ್ಯದ ಮೇರೆ ಎಲ್ಲಿಯದೆಂದು ತನಗೆ ತಿಳಿಯದೆಂದು ವಿನಯದಿಂದ ಬರೆದು ಅವನು ಹುದ್ದೆಯನ್ನು ನಿರಾಕರಿಸಿದನು.

ಇಷ್ಟೆಲ್ಲ ಇದ್ದರೂ ನಮ್ಮ ಮನಸ್ಸನ್ನು ಹೆಚ್ಚು ಹಿಡಿದಿರುವುದು ಒಂದು ಚಿಕ್ಕ ಸಂಗತಿ. ಹೇಗ್ ನಗರದಲ್ಲಿ ಅವನು ಚಿತ್ರಕಾರನೊಬ್ಬನ ಮನೆಯಲ್ಲಿ ಬಾಡಿಗೆಗಿದ್ದನು. ಮನೆಯವರು ಲೂಥರ್ ಪಂಥದ ಶ್ರದ್ಧಾವಂತರು. ಅವರಿಂದಲೇ ಕೇಳಿ ತಿಳಿದ ಕೊಲೆರುಸ್ ಎಂಬ ಪಾದ್ರಿ 1705ರಲ್ಲಿ ಇದನ್ನು ಬರೆದಿದ್ದಾನೆ; ಅವನು ಸ್ಪಿನೋಜನ ವಿಚಾರಗಳನ್ನು ಒಪ್ಪದವನಾದ್ದರಿಂದ ಈ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ತನ್ನ ಧರ್ಮದಲ್ಲಿದ್ದುಕೊಂಡು ತನಗೆ ಸದ್ಗತಿಯಾದೀತೇ ಎಂದು ಮನೆಯೊಡತಿ ಒಮ್ಮೆ ಕೇಳಿದಳಂತೆ. ನಿಮ್ಮ ಧರ್ಮ ಒಳ್ಳೆಯದು, ಶಾಂತಿಯಿಂದಲೂ ದೈವಭಕ್ತಿಯಿಂದಲೂ ಬಾಳಿದರೆ ಬೇರೆಯದನ್ನು ಹುಡುಕಬೇಕಾಗಿಲ್ಲ ಎಂಬ ಅರ್ಥದಲ್ಲಿ ಅವನು ಸಮಾಧಾನ ಹೇಳಿದನು. ಮಕ್ಕಳಿಗೆ ಇಗರ್ಜಿಗೆ ತಪ್ಪದೆ ಹೋಗಬೇಕೆಂದು ಹೇಳುತ್ತಿದ್ದನು. ಪ್ರವಚನದಿಂದ ಮರಳಿದವರನ್ನು ಅಲ್ಲಿ ಕೇಳಿದ್ದೇನೆಂದು ವಿಚಾರಿಸುತ್ತಿದ್ದನು.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ತನ್ನ ಮಗನನ್ನು ಮಠಕ್ಕೆ ಕರೆತಂದಿದ್ದರು. ಹುಡುಗ ನಮ್ಮ ನಿಲಯದಲ್ಲಿಯೇ ಇದ್ದು ಓದಿ ಇಂಜಿನಿಯರ್ ಆದವನು. "ಅಜ್ಜಾರ, ಇವ ಕೊರಳಾಗಿನ ಲಿಂಗ ತಗದಿಟ್ಟಾನ. ಇನ್ನ ಮನ್ಯಾಗ ಇವನ ಕೂಡ ಕುಂತು ಹೆಂಗ ಉಣ್ಣೂದ್ರಿ?" ಎಂದು ತಂದೆ ಕಣ್ಣೀರು ತಂದರು. ಮಗ ನೆಲ ನೋಡುತ್ತ ಕುಳಿತಿದ್ದ. ಅವನನ್ನು ವಿಚಾರಿಸಿದಾಗ, ತೋರಿಕೆಗಾಗಿ ಧರಿಸುವುದು ಮೋಸವೆನಿಸಿತೆಂದು ಮೆಲ್ಲಗೆ ಹೇಳಿದ. ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಆದರೆ ತಾಯಿ ಪೂಜೆಗೆ ಕುಳಿತಾಗಲೆಲ್ಲ ವಾದಕ್ಕಿಳಿಯುತ್ತಿದ್ದನೆಂಬುದೂ ತಿಳಿದುಬಂತು. ಮಗನನ್ನು ಪಂಕ್ತಿಯಿಂದ ಎಬ್ಬಿಸಬೇಡಿರೆಂದು ತಂದೆಗೂ, ಹೇಗ್ ನಗರದ ಮನೆಯೊಡತಿಯ ಕಥೆಯನ್ನು ಮಗನಿಗೂ ಹೇಳಿದೆವು. ಅಂದು ಇಬ್ಬರೂ ನಮ್ಮ ಜೊತೆಯಲ್ಲಿಯೇ ಪ್ರಸಾದ ಸ್ವೀಕರಿಸಿದರು. ಇದು ಆಚಾರವನ್ನು ಸಡಿಲಗೊಳಿಸಿದಂತೆ ಆಗಲಿಲ್ಲವೇ ಎಂದು ಹಿರಿಯ ಭಕ್ತರೊಬ್ಬರು ಆಮೇಲೆ ನಮ್ಮನ್ನು ಕೇಳಿದರು. ಹೌದು, ಆಯಿತು. ಆ ಹುಡುಗ ಮರಳಿ ಲಿಂಗ ಧರಿಸಿಲ್ಲ. ಜಾತ್ರೆಗೆ ಮಾತ್ರ ತಪ್ಪದೆ ಬರುತ್ತಾನೆ, ದಾಸೋಹದಲ್ಲಿ ಅನ್ನ ಬಡಿಸುತ್ತಾನೆ.

ಆಮ್‌ಸ್ಟರ್‌ಡಾಂನ ಬಹಿಷ್ಕಾರ ಇಂದಿಗೂ ತೆರವಾಗಿಲ್ಲ. 2015ರ ಡಿಸೆಂಬರಿನಲ್ಲಿ ಅಲ್ಲಿನ ಯಹೂದಿ ಸಮಾಜವೇ ವಿದ್ವಾಂಸರನ್ನು ಕರೆಸಿ ಈ ವಿಷಯದ ಮೇಲೆ ಬಹಿರಂಗ ಚರ್ಚೆ ನಡೆಸಿತು. ಕೊನೆಗೆ ಧರ್ಮಗುರುಗಳು, ಸ್ಪಿನೋಜ ತನ್ನ ಅಭಿಪ್ರಾಯಗಳನ್ನು ಹಿಂತೆಗೆದುಕೊಂಡವನಲ್ಲವಾದ್ದರಿಂದ ಅದನ್ನು ತೆರವುಗೊಳಿಸಲಾಗದೆಂದು ತೀರ್ಮಾನಿಸಿದರು. ಅವರ ನ್ಯಾಯ ಅವರದು. ಬದುಕಿದ್ದರೆ ಅವನೂ ಅದನ್ನು ಬೇಡುತ್ತಿದ್ದನೆಂದು ನಮಗೆ ಅನ್ನಿಸುವುದಿಲ್ಲ.

ಅವನು 1677ರ ಫೆಬ್ರವರಿ 21ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಬಹುಕಾಲದಿಂದ ಇದ್ದ ಶ್ವಾಸಕೋಶದ ರೋಗದಿಂದ ತೀರಿಕೊಂಡನು. ಗಾಜಿನ ಧೂಳು ರೋಗವನ್ನು ಹೆಚ್ಚಿಸಿತೆಂದು ಹಲವರು ಊಹಿಸುತ್ತಾರೆ. ಮನೆಯ ಯಜಮಾನ ಹಸ್ತಪ್ರತಿಗಳಿದ್ದ ಮೇಜನ್ನು ಆಮ್‌ಸ್ಟರ್‌ಡಾಂನ ಪ್ರಕಾಶಕನಿಗೆ ಕಳುಹಿಸಿಕೊಟ್ಟನು. ಗೆಳೆಯರು ಆ ವರ್ಷದ ಕೊನೆಯೊಳಗೆ ಅವನ್ನು ಅಚ್ಚು ಮಾಡಿಸಿದರು. 'ಎಥಿಕ್ಸ್' ಬೆಳಕು ಕಂಡದ್ದು ಹೀಗೆ. ಅದೇ ಹಸ್ತಪ್ರತಿಗಳಲ್ಲಿ ಹೀಬ್ರೂ ಭಾಷೆಯ ವ್ಯಾಕರಣವೊಂದಿತ್ತು. ತನ್ನನ್ನು ಹೊರಗಟ್ಟಿದ ಪ್ರಾರ್ಥನಾಮಂದಿರದ ಭಾಷೆಯನ್ನು ಕಲಿಯಬಯಸುವ ಮಿತ್ರರಿಗಾಗಿ ಅವನು ಅದನ್ನು ಬರೆಯಲಾರಂಭಿಸಿದ್ದನು. ಪೂರ್ತಿಗೊಳಿಸಲು ಆಯುಷ್ಯ ಸಾಲಲಿಲ್ಲ. ಅರ್ಧಕ್ಕೆ ನಿಂತ ಆ ವ್ಯಾಕರಣವೂ 'ಎಥಿಕ್ಸ್' ಗ್ರಂಥದ ಜೊತೆಗೆ ಅದೇ ಸಂಪುಟದಲ್ಲಿ ಅಚ್ಚಾಯಿತು.